ಪ್ರಸ್ಥಾನಕ್ಕಿಟ್ಟ ಡೇರೆ

ಎಲ್ಲ ಅನರ್ಥಕ್ಕೂ ಕಾರಣ ಭಾನುವಾರ. ಸದಾಶಿವಯ್ಯನವರು ಸಮುದ್ರ ನೋಡಲು ಹೊರಡುವುದಕ್ಕೆ ಗೊತ್ತುಮಾಡಿಕೊಂಡದ್ದು ಭಾನುವಾರ. ಸಮುದ್ರ ಇರುವುದು ಪಶ್ಚಿಮಕ್ಕೆ. ಭಾನುವಾರ ಪಶ್ಚಿಮಕ್ಕೆ ಶೂಲೆ, ಆ ದಿನ ಆ ದಿಕ್ಕಿಗೆ ಹೆಜ್ಜೆ ಇಟ್ಟವರಿಗೆ ಒಳ್ಳೆಯದಾಗುವುದಿಲ್ಲ ಎಂದು ಪಂಚಾಂಗ ಹೇಳುತ್ತದೆ. ಪಂಚಾಂಗ ಸುಮ್ಮನಿದ್ದರೂ ಪಕ್ಕದ ಮನೆಯ ನರಸಿಂಹಯ್ಯ ಮೇಷ್ಟ್ರು ಸುಮ್ಮನಿರುವವರಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತರಾದ ಮೇಲೆ ಅವರಿಗೆ ಪ್ರಪಂಚದ ಎಲ್ಲ ದಿಕ್ಕುಗಳೂ ತಮ್ಮ ಸುಪರ್ದಿನಲ್ಲೇ ಇವೆ ಎಂಬ ಭಾವನೆ ಬಂದಿತ್ತು.

ಸದಾಶಿವಯ್ಯನವರು ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್‌ಕೀಪರು. ವಯಸ್ಸು ಐವತ್ಮೂರು. ತುಮಕೂರಿನ ಮರಳೂರಿನಲ್ಲಿ ಸ್ವಂತ ಮನೆ, ಮನೆಯಲ್ಲಿ ಹೆಂಡತಿ ಸರ್ವಮಂಗಳ, ಅಷ್ಟೇ ಸಂಸಾರ. ಆ ವರ್ಷ, ಎಂದರೆ ಎಂಬತ್ತೆರಡರ ಜನವರಿಯಲ್ಲಿ, ಬೆಂಗಳೂರಿನ ಕಣ್ಣಿನ ಡಾಕ್ಟರು ಅವರ ಬಲಗಣ್ಣು ಹೋಗಿಯೇ ಹೋಯಿತು ಎಂದಿದ್ದರು. ಎಡಗಣ್ಣೂ ಅದೇ ದಾರಿ ಹಿಡಿದಿತ್ತು. ಆಪರೇಷನ್ ಮಾಡಿದರೂ ಗ್ಯಾರಂಟಿ ಇಲ್ಲ ಎಂದ ಡಾಕ್ಟರು ಚೀಟಿ ಬರೆಯುತ್ತ, ತಲೆ ಎತ್ತದೆಯೇ, "ನೋಡಬೇಕು ಅಂತ ಏನಾದ್ರೂ ಇದ್ರೆ ಈ ವರ್ಷ ನೋಡ್ಬಿಡಿ" ಎಂದರು.

ಬಸ್ಸಿನಲ್ಲಿ ವಾಪಸಾಗುವಾಗ ಸದಾಶಿವಯ್ಯನವರು ದಾಬಸ್‌ಪೇಟೆಯವರೆಗೂ ಯೋಚನೆ ಮಾಡಿದರು. ಹೆಂಡತಿಯನ್ನು ನೋಡಿಯಾಗಿದೆ. ಮಠ ನೋಡಿಯಾಗಿದೆ. ವಿಧಾನಸೌಧವನ್ನು ಎರಡು ಸಲ ನೋಡಿಯಾಗಿದೆ. ಸಮುದ್ರ ಮಾತ್ರ ನೋಡಿಲ್ಲ. ಅವರಿಗೆ ಕಣ್ಣು ಹೋಗುವುದಕ್ಕಿಂತ, ಸಮುದ್ರ ನೋಡದೆ ಕಣ್ಣು ಹೋಗುವುದು ದೊಡ್ಡ ಅನ್ಯಾಯ ಅನ್ನಿಸಿಬಿಟ್ಟಿತು.

ಆಮೇಲೆ ಅವರನ್ನು ಹಿಡಿಯುವವರಿಲ್ಲ. ಫೆಬ್ರವರಿಯಲ್ಲಿ ಬಾಯ್ಲರ್ ರಿಪೇರಿಗೆಂದು ಕಾರ್ಖಾನೆ ಭಾನುವಾರದಿಂದ ನಾಲ್ಕು ದಿನ ಮುಚ್ಚುತ್ತಿತ್ತು. ತಿಪ್ಪಯ್ಯನ ಮೆಟಾಡೋರ್ ವ್ಯಾನು ಗೊತ್ತಾಯಿತು. ಗುಬ್ಬಿ, ಶಿವಮೊಗ್ಗದ ಮೇಲೆ ಹೊನ್ನಾವರ. ಅಲ್ಲಿಂದ ಸಮುದ್ರದ ಪಕ್ಕದ ರಸ್ತೆಯಲ್ಲೇ ಮುರುಡೇಶ್ವರ, ಮರವಂತೆ, ಮಲ್ಪೆ, ಮಂಗಳೂರು. ಲಾಡ್ಜು ಗೀಡ್ಜು ಏನೂ ಬೇಡ. ದಡದಲ್ಲೇ ಡೇರೆ ಹೊಡೆದು, ಸೀಮೆಎಣ್ಣೆ ಸ್ಟೌವಿನಲ್ಲಿ ಅನ್ನ ಬೇಯಿಸಿ, ರಾತ್ರಿ ಅಲೆಯ ಸದ್ದು ಕೇಳುತ್ತ ಮಲಗಿ, ಬೆಳಿಗ್ಗೆ ಕಣ್ಣು ಬಿಟ್ಟ ತಕ್ಷಣ ಸಮುದ್ರ ನೋಡುವುದು. ಅದಕ್ಕೆಂದೇ ಮಿಲಿಟರಿ ಹರಾಜಿನ ಒಂದು ಹಸಿರು ಡೇರೆಯನ್ನೂ ಸಂಪಾದಿಸಿದರು. ನರಸಿಂಹಯ್ಯ ಮೇಷ್ಟ್ರು ನಕ್ಷೆ ಹಿಡಿದುಕೊಂಡು ದಾರಿ ಹೇಳಲು ತಾವೇ ಬರುವುದಾಗಿ, ಯಾರೂ ಕೇಳದಿದ್ದರೂ, ಒಪ್ಪಿಕೊಂಡರು.

ಶೂಲೆಗೆ ಪರಿಹಾರ ಸೂಚಿಸಿದವರೂ ಅವರೇ.

"ಪ್ರಸ್ಥಾನ ಇಟ್ಬಿಡಿ, ಸದಾಶಿವಯ್ಯ. ಗುರುವಾರ ಪಶ್ಚಿಮಕ್ಕೆ ಅಡ್ಡಿ ಇಲ್ಲ. ಅವತ್ತು ನಿಮ್ಮ ಲಗೇಜಲ್ಲಿ ಯಾವುದಾದ್ರೂ ಒಂದನ್ನ ಅದೇ ದಿಕ್ಕಲ್ಲಿರೋ ನೆಂಟರ ಮನೇಲಿ ಇಟ್ಟು ಬನ್ನಿ. ಅಲ್ಲಿಗೆ ನೀವು ಗುರುವಾರವೇ ಹೊರಟ ಹಾಗಾಯ್ತು. ಭಾನುವಾರ ಹೋಗೋದು ಬರೀ ಶರೀರ."

"ಅಷ್ಟು ಸುಲಭಾನಾ?"

"ಅಷ್ಟೇ. ಆದ್ರೆ ಒಂದು ಮಾತು. ಹೊರಗೆ ಹೋದ ಪ್ರಸ್ಥಾನ ಯಾತ್ರೆ ಮುಗಿಯೋವರೆಗೂ ನಿಮ್ಮ ಮನೆ ಬಾಗಿಲ ಕಡೆ ತಲೆ ಹಾಕಬಾರದು. ಹಾಕ್ತು ಅಂದ್ರೆ ಯಾತ್ರೆ ರದ್ದು."

ಪಾತ್ರೆ ದಿನಾ ಬೇಕು, ಬಟ್ಟೆ ದಿನಾ ಬೇಕು. ಬೇಡವಾದದ್ದು ಡೇರೆ ಒಂದೇ. ಸದಾಶಿವಯ್ಯನವರು ಗುರುವಾರ ರಜೆ ಹಾಕಿ, ಡೇರೆಗೆ ಅರಿಶಿನದ ದಾರ ಸುತ್ತಿ, ಬಸ್ಸಿನ ಟಾಪಿಗೇರಿಸಿ ಗುಬ್ಬಿಗೆ ಒಯ್ದರು. ಅಲ್ಲಿ ಸರ್ವಮಂಗಳನ ಅಣ್ಣ ಅಡವಿಯಪ್ಪನ ಮನೆ. ದೇವರ ಕೋಣೆಯ ಮೂಲೆಯಲ್ಲಿ ಡೇರೆಯನ್ನಿಟ್ಟು, ಮೇಲೊಂದು ತೆಂಗಿನಕಾಯಿ, ಎಲೆ ಅಡಿಕೆ ಇಟ್ಟು ಕೈಮುಗಿದು ಬಂದರು.

ಭಾನುವಾರ ಬೆಳಿಗ್ಗೆ ಆರು ಗಂಟೆಗೆ ವ್ಯಾನು ಅಡವಿಯಪ್ಪನ ಮನೆ ಮುಂದೆ ನಿಂತಿತು. "ಹತ್ತು ನಿಮಿಷ ಕಣೇ, ಡೇರೆ ಎತ್ಕೊಂಡು ಹೊರಟೇಬಿಡೋಣ" ಎಂದು ಸದಾಶಿವಯ್ಯನವರು ಹೆಂಡತಿಗೆ ಹೇಳುತ್ತಲೇ ಇಳಿದರು. ಬಾಗಿಲು ತೆರೆದ ಅಡವಿಯಪ್ಪನ ಮುಖ, ಮಾರ್ಕ್ಸ್ ಕಾರ್ಡ್ ಮುಚ್ಚಿಟ್ಟುಕೊಂಡ ಹುಡುಗನ ಮುಖದ ಹಾಗಾಯಿತು.

"ಇಷ್ಟ್ ಬೇಗ ಬಂದ್ಬುಟ್ರಾ ಭಾವ?"

"ನೀವೇ ತಾನೆ ಬೇಗ ಬನ್ನಿ ಅಂದಿದ್ದು!"

"ಅಂದಿದ್ದೆ, ಅಂದಿದ್ದೆ. ಬನ್ನಿ, ಕಾಫಿ ಕುಡೀರಿ."

ಕಾಫಿಯಾಯಿತು. ಅಕ್ಕಿರೊಟ್ಟಿಯಾಯಿತು. ಹೊರಡೋಣ ಎಂದರೆ, ನಮ್ಮ ಮನೆ ಹಂಡೆಯಲ್ಲಿ ನೀರು ಕಾದಿದೆ, ಸ್ನಾನ ಮಾಡಿಕೊಂಡು ಹೋಗಿ ಎಂದ. ಸ್ನಾನವಾಯಿತು. ದೇವರ ಕೋಣೆಯ ಬೀಗದಕೈ ತನ್ನ ಹೆಂಡತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಗುಡಿಗೆ ಹೋಗಿದ್ದಾಳೆ ಎಂದ. ಆಕೆ ಗುಡಿಯಿಂದ ಬಂದರೆ, ಹೂವಿಲ್ಲದೆ ಪ್ರಸ್ಥಾನ ಎತ್ತುವುದುಂಟೇ, ಹೂವಿನವನು ಬರಲಿ ಎಂದ. ಮೇಷ್ಟ್ರು ಅದು ಸರಿ ಎಂದು ತಲೆಯಾಡಿಸಿದರು. ಐದೈದು ನಿಮಿಷಕ್ಕೂ ಅಡವಿಯಪ್ಪ ಗೇಟಿನ ತನಕ ಹೋಗಿ ಬಸ್‌ಸ್ಟ್ಯಾಂಡಿನ ಕಡೆ ಕತ್ತು ಚಾಚಿ ನೋಡಿ ಬರುತ್ತಿದ್ದ. ಇಂಥ ಉಪಚಾರವನ್ನು ಸದಾಶಿವಯ್ಯನವರು ತಮ್ಮ ಮದುವೆಯಲ್ಲೂ ಕಂಡಿರಲಿಲ್ಲ.

"ಭಾವ, ನನಗೆ ಸಮುದ್ರ ನೋಡ್ಬೇಕು" ಎಂದರು ಕೊನೆಗೆ, ಅಳುವ ದನಿಯಲ್ಲಿ.

"ಸಮುದ್ರ ಎಲ್ಲಿಗ್ ಹೋಗ್ತದೆ ಭಾವ? ಅಲ್ಲೇ ಇರ್ತದೆ. ಇನ್ನೊಂದ್ ರೊಟ್ಟಿ?"

ಹತ್ತೂವರೆಗೆ ಹಿತ್ತಲ ಕಡೆ ಏನೋ ಗುಸುಗುಸು, ಬಾಗಿಲು ತೆಗೆದ ಸದ್ದು, ಏನೋ ಧೊಪ್ಪೆಂದ ಸದ್ದು. ಹೂವಿನವನು ಬಂದ ಎಂದು ಅಡವಿಯಪ್ಪ ಬೆವರು ಒರೆಸಿಕೊಂಡ. ಹೂವು, ದಾರ, ತೆಂಗಿನಕಾಯಿ ಸಮೇತ ಡೇರೆ ಹೊರಗೆ ಬಂತು. ಅದನ್ನು ವ್ಯಾನಿಗೆ ಏರಿಸುವಾಗ ತಿಪ್ಪಯ್ಯ ಮುಕ್ಕಿರಿದು, "ಏನ್ ಸ್ವಾಮಿ, ಒಳಗೆ ಯಾರಾದ್ರೂ ಮಲಗವ್ರಾ?" ಎಂದ. ಅಡವಿಯಪ್ಪ ಅಗತ್ಯಕ್ಕಿಂತ ಜೋರಾಗಿ ನಕ್ಕ.

ಎಲ್ಲರೂ ಹತ್ತಿ ಕೂತ ಮೇಲೆ ಮೇಷ್ಟ್ರು ಗಡಿಯಾರ ನೋಡಿ ನಾಲಿಗೆ ಕಚ್ಚಿಕೊಂಡರು.

"ಹೋಯ್ತಲ್ಲ ಸದಾಶಿವಯ್ಯ! ಪ್ರಸ್ಥಾನ ಎತ್ತೋಕೆ ಹತ್ತು ಗಂಟೆವರೆಗೆ ಮುಹೂರ್ತ ಇತ್ತು. ಈಗ ಇಲ್ಲಿಂದ ಪಶ್ಚಿಮಕ್ಕೆ ಹೊರಟ್ರೆ ನೇರ ಶೂಲೆ ಮೇಲೇ ಹೋಗಿ ಬೀಳ್ತೀವಿ."

"ಹಾಗಂದ್ರೆ?"

"ಇವತ್ತು ದಕ್ಷಿಣಕ್ಕೆ ದೋಷ ಇಲ್ಲ. ಕುಣಿಗಲ್ ಕಡೆಗೆ ಹೋಗಿ ರಾತ್ರಿ ತಂಗೋಣ. ನಾಳೆ ಸೋಮವಾರ, ಹಾಸನದ ಮೇಲೆ ಮಂಗಳೂರಿಗೆ ಇಳಿಯೋಣ. ಕೆಳಗಿಂದ ಮೇಲಕ್ಕೆ ನೋಡ್ಕೊಂಡು ಹೋದ್ರೂ ಅದೇ ಸಮುದ್ರ."

ತಿಪ್ಪಯ್ಯ, ಇಷ್ಟು ತಡವಾದ ಮೇಲೆ ಕತ್ತಲಲ್ಲಿ ಘಾಟಿ ಇಳಿಸುವುದಕ್ಕೆ ತಾನೂ ಒಪ್ಪುವುದಿಲ್ಲ ಎಂದು ದನಿಗೂಡಿಸಿದ. ಸರ್ವಮಂಗಳ ಗಂಡನ ಮುಖ ನೋಡಿದರು. "ಒಂದ್ ದಿವಸ ತಾನೇ, ಬಿಡಿ. ಆ ಕಣ್ಣಿನ ವಿಷಯದಲ್ಲಿ ಮೊಂಡುತನ ಬೇಡ" ಎಂದರು. ವ್ಯಾನು ಬಂದ ದಾರಿಗೇ ತಿರುಗಿತು.

ಗುಬ್ಬಿಯಿಂದ ಕುಣಿಗಲ್ಲಿಗೆ ಹೋಗುವ ಒಳ್ಳೆಯ ರಸ್ತೆ ತುಮಕೂರಿನ ಮೇಲೆ. ತುಮಕೂರಿನಲ್ಲಿ ಕುಣಿಗಲ್ ರಸ್ತೆ ಎಂದರೆ ಮರಳೂರು. ಮರಳೂರಿನಲ್ಲಿ ಆ ರಸ್ತೆಗೆ ಮುಖಮಾಡಿಕೊಂಡಿರುವ ಮನೆಗಳಲ್ಲಿ ಒಂದು ಸದಾಶಿವಯ್ಯನವರದು. ಈ ಸಂಗತಿ ಮೇಷ್ಟ್ರಿಗೆ ಹೊಳೆದದ್ದು ಮನೆ ಇನ್ನೂರು ಗಜ ದೂರವಿದ್ದಾಗ. "ನಿಲ್ಸಯ್ಯ ತಿಪ್ಪಯ್ಯ!" ಎಂದು ಅವರು ಕೂಗಿದ ಕೂಗಿಗೆ ವ್ಯಾನು ಕುಕ್ಕರಿಸಿ ನಿಂತಿತು. ಪ್ರಸ್ಥಾನ ಮನೆಬಾಗಿಲ ಮುಂದೆ ಹಾಯಬಾರದು. ವ್ಯಾನು ಖಾಲಿ ಹೋಗಲಿ, ಡೇರೆ ಹಿತ್ತಲ ಓಣಿಯಲ್ಲಿ ಸುತ್ತಿ ಬರಲಿ. ಇಟ್ಟವರೇ ಹೊರಬೇಕು, ಬೇರೆಯವರು ಮುಟ್ಟುವ ಹಾಗಿಲ್ಲ.

"ತಿಪ್ಪಯ್ಯ ಆಗಲೇ ಮುಟ್ಟಿದ್ನಲ್ಲ?"

"ಅವನು ವಾಹನ. ವಾಹನ ಮುಟ್ಟಬಹುದು."

ಮಧ್ಯಾಹ್ನ ಹನ್ನೆರಡರ ಬಿಸಿಲಲ್ಲಿ, ಹೆಣಭಾರದ ಡೇರೆಯನ್ನು ತಲೆಯ ಮೇಲಿಟ್ಟುಕೊಂಡು, ಸದಾಶಿವಯ್ಯನವರು ತಮ್ಮ ಮನೆಯ ಹಿತ್ತಲ ಹಿಂದೆ ಕಳ್ಳಹೆಜ್ಜೆ ಇಡುತ್ತ ಹೊರಟರು. ಬಲಗಡೆ ಏನೂ ಕಾಣದು. ಡೇರೆ ಜೋಲಿ ಎಡಗಡೆಯನ್ನೂ ಅರ್ಧ ಮುಚ್ಚಿತ್ತು. ಹಿಂದಿನ ಮನೆಯ ಶಕುಂತಲಮ್ಮನವರ ಹಿತ್ತಲಲ್ಲಿ ಒಣಗಲು ಹಾಕಿದ್ದ ಸೀರೆಗೆ ನೇರವಾಗಿ ನುಗ್ಗಿದರು. ಹಗ್ಗ ಕಿತ್ತು, ಸೀರೆ ಡೇರೆಯನ್ನೂ ಅವರನ್ನೂ ಸೇರಿಸಿ ಸುತ್ತಿಕೊಂಡಿತು. ಅಡುಗೆಮನೆಯಿಂದ ಹೊರಬಂದ ಶಕುಂತಲಮ್ಮನವರಿಗೆ ಕಂಡದ್ದು ತಮ್ಮ ಸೀರೆ ಉಟ್ಟುಕೊಂಡು ಓಡುತ್ತಿರುವ ಒಂದು ಗಂಟು, ಅದರ ಕೆಳಗೆ ಎರಡು ಕಾಲು.

"ಕಳ್ಳ! ಕಳ್ಳ! ಸದಾಶಿವಯ್ಯನೋರ್ ಮನೇಲಿ ಕಳ್ಳ! ಅವ್ರು ಸಮುದ್ರಕ್ ಹೋಗಿರೋದ್ ನೋಡ್ಕೊಂಡೇ ಬಂದವ್ನೆ!"

ಎರಡು ನಿಮಿಷದಲ್ಲಿ ಇಪ್ಪತ್ತು ಜನ ಸೇರಿದರು. ಬೆನ್ನಿಗೆ ಎರಡು ಗುದ್ದು ಬಿದ್ದ ಮೇಲೆ ಯಾರೋ ಸೀರೆ ಬಿಚ್ಚಿ ಮುಖ ನೋಡಿದರು.

"ಅಯ್ಯೋ, ನೀವಾ! ಬಂದ್ಬುಟ್ರಾ ಆಗಲೇ?" ಎಂದರು ಶಕುಂತಲಮ್ಮ, ಸೌಟನ್ನು ಹಿಂದಕ್ಕೆ ಮುಚ್ಚಿಟ್ಟುಕೊಳ್ಳುತ್ತ.

"ಇನ್ನೂ ಹೋಗಿಲ್ಲಮ್ಮ."

"ಬೆಳಿಗ್ಗೆ ಹೋದ್ರಲ್ಲ!"

"ಹೋಗಿದ್ವಿ. ಈಗ ಹೋಗ್ತಾ ಇದೀವಿ."

"ಮುಂದುಗಡೆ ರೋಡ್ ಇರೋವಾಗ ನಮ್ಮ ಹಿತ್ತಲಲ್ಲಿ ಯಾಕ್ ಹೋಗ್ತೀರಾ?"

ವಿವರಿಸುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಯಿತು. ಜನ ಗುದ್ದಿದ್ದಕ್ಕೆ ಪಶ್ಚಾತ್ತಾಪಪಟ್ಟು ಕುಡಿಯಲು ಮಜ್ಜಿಗೆ ಕೊಟ್ಟರು, ಮಜ್ಜಿಗೆಯ ಜೊತೆಗೆ ತಮ್ಮ ತಮ್ಮ ಸಮುದ್ರವನ್ನೂ ಕೊಟ್ಟರು. ಒಬ್ಬರು ಮದ್ರಾಸಿನಲ್ಲಿ ನೋಡಿದ್ದರು, ಇನ್ನೊಬ್ಬರು ರಾಮೇಶ್ವರದಲ್ಲಿ. ಶಕುಂತಲಮ್ಮನವರು ಗೋಕರ್ಣದಲ್ಲಿ ನೋಡಿದ್ದು ಮೂರು ಸಲ. "ಏನೂ ಇಲ್ಲ ಬಿಡಿ, ಬರೀ ನೀರು" ಎಂದರು ಆಕೆ. ನೋಡಿದವರು ಹೀಗೆ ಹಗುರವಾಗಿ ಮಾತಾಡುವುದನ್ನು ಕೇಳಿ ಸದಾಶಿವಯ್ಯನವರಿಗೆ ಬೆನ್ನಿನ ನೋವಿಗಿಂತ ಹೆಚ್ಚು ನೋವಾಯಿತು. ಮರಳೂರಿನಲ್ಲಿ ಸಮುದ್ರ ಕಾಣದವನು ತಾನೊಬ್ಬನೇ ಇದ್ದಂತಿತ್ತು.

ಹೆಬ್ಬೂರು ದಾಟಿದ ಮೇಲೆ ವ್ಯಾನಿನ ಹಿಂದಿನ ಚಕ್ರ ಪಂಕ್ಚರಾಯಿತು. ಸ್ಟೆಪ್ನಿ ಮೊದಲೇ ಪಂಕ್ಚರಾಗಿತ್ತು ಎಂಬುದನ್ನು ತಿಪ್ಪಯ್ಯ ಆಗ ತಿಳಿಸಿದ. ಅವನು ಚಕ್ರವನ್ನು ಬಸ್ಸಿಗೆ ಹಾಕಿಕೊಂಡು ಹೋಗಿ ಬರುವವರೆಗೆ ಮೂವರೂ ಹುಣಸೆಮರದ ಕೆಳಗೆ ಕೂತು, ದಾರಿಗೆಂದು ಕಟ್ಟಿದ್ದ ಚಿತ್ರಾನ್ನ ತಿಂದರು. ಸದಾಶಿವಯ್ಯನವರು, ಒಂದು ದಿನ ಹೋದರೆ ಹೋಗಲಿ, ಇನ್ನೂ ಮೂರಿದೆ ಎಂದು ಬೆರಳು ಮಡಿಸುತ್ತಿದ್ದರು.

ಐದು ಗಂಟೆಗೆ ಕುಣಿಗಲ್ ಹತ್ತಿರದ ಕೊತ್ತಗೆರೆಯ ಕೆರೆ ಏರಿ ತಲುಪಿದರು. ಇವತ್ತು ಇಲ್ಲೇ ಡೇರೆ ಎಂದು ಸದಾಶಿವಯ್ಯನವರು ಹಠ ಹಿಡಿದರು. ಸಮುದ್ರವಿಲ್ಲದಿದ್ದರೂ ನೀರಾದರೂ ಇರಲಿ. ರಾಹುಕಾಲ ಕಳೆದು ಆರಾಗುವವರೆಗೆ ಗಂಟು ಬಿಚ್ಚಬೇಡಿ ಎಂದರು ಮೇಷ್ಟ್ರು. ಆ ಒಂದು ಗಂಟೆಯಲ್ಲಿ ಎಮ್ಮೆ ಕಾಯುವವನೊಬ್ಬ ಸುದ್ದಿಯನ್ನು ಊರೊಳಗೆ ಒಯ್ದ. ಊರೊಳಗೆ ಸದಾಶಿವಯ್ಯನವರ ಅಕ್ಕ ಪುಟ್ಟತಾಯಮ್ಮನ ಮನೆಯಿತ್ತು. ಮನೆ ಮುಟ್ಟುವ ಹೊತ್ತಿಗೆ ಸುದ್ದಿ, ತುಮಕೂರಿನ ತಮ್ಮ ಮನೆಮಠ ಕಳಕೊಂಡು ಹೆಂಡತಿ ಸಮೇತ ಕೆರೆ ಏರಿ ಮೇಲೆ ಬಿದ್ದಿದ್ದಾನೆ ಎಂದಾಗಿತ್ತು. ಪುಟ್ಟತಾಯಮ್ಮ ಅಳುತ್ತ ಬಂದು, ವಿಷಯ ತಿಳಿದ ಮೇಲೆ ಬೈಯತೊಡಗಿದರು.

"ಏನ್ಲಾ ಸದಾಶಿವ, ಹೆಂಡ್ತಿ ಕಡೆಯೋರ ಮನೇಲಾದ್ರೆ ಹೊಟ್ಟೆ ತುಂಬ ರೊಟ್ಟಿ, ಅಕ್ಕನ ಊರಿಗ್ ಬಂದ್ರೆ ಬಯಲಲ್ಲಿ ಡೇರೆನಾ? ಸರ್ಕಸ್ ಕಂಪನಿ ಇಟ್ಟಿದೀಯಾ? ನಾಳೆ ಊರೋರಿಗೆ ನಾನ್ ಹೆಂಗ್ಲಾ ಮುಖ ತೋರ್ಸ್ಲಿ?"

"ಅಕ್ಕ, ಡೇರೇಲಿ ಮಲಗೋದೇ ಮಜಾ ಕಣಕ್ಕ."

"ಮಜಾ ಅಂತೆ! ಬುಡು ಬುಡು. ಬಿಚ್ಚು ಅದೇನ್ ಮಜಾನೋ ನೋಡ್ತೀನಿ."

ಆರು ಹೊಡೆಯಿತು. ಬಿಸಿಲು ಕೆಂಪಾಗಿ ಕೆರೆಯ ಮೇಲೆ ಹರಡಿತ್ತು. ಸದಾಶಿವಯ್ಯನವರು ತೆಂಗಿನಕಾಯಿ ತೆಗೆದಿಟ್ಟು, ಅರಿಶಿನದ ದಾರ ಬಿಚ್ಚಿ, ಡೇರೆಯ ಒಂದು ಕೊನೆ ಹಿಡಿದು ಕೊಡವಿದರು.

ಮೊದಲು ಬಂದದ್ದು ವಾಸನೆ. ಸರ್ವಮಂಗಳ ಸೆರಗನ್ನು ಮೂಗಿಗೊತ್ತಿಕೊಂಡರು. ಆಮೇಲೆ ಮರಳು. ಒಂದು ಮೊರದಷ್ಟು ಬಿಳಿ ಮರಳು ಸುರ್ರೆಂದು ಸದಾಶಿವಯ್ಯನವರ ಪಾದದ ಮೇಲೆ ಸುರಿಯಿತು. ಅದರ ಹಿಂದೆ ನಾಲ್ಕಾರು ಚಿಪ್ಪು, ಒಂದು ಸತ್ತ ಏಡಿ, ಬಾಳೆಲೆಯಲ್ಲಿ ಸುತ್ತಿದ ಮೀನಿನ ಮುಳ್ಳು, ಕಡೆಗೆ ಒಂದು ಒದ್ದೆ ಟವಲು.

ಸರ್ವಮಂಗಳ ಎರಡು ಬೆರಳಲ್ಲಿ ಟವಲನ್ನೆತ್ತಿ ಅದರ ಮೂಲೆ ನೋಡಿದರು.

"ಇದು ನಮ್ಮಣ್ಣನ ಅಳಿಯಂದು! ಮದುವೇಲಿ ನಾನೇ ಹೆಸರು ಹೊಲಿದು ಕೊಟ್ಟಿದ್ದೆ. ಶಿವನೇ, ಆ ಹುಡುಗ ಮೀನ್ ತಿಂತಾನಾ?"

ಸದಾಶಿವಯ್ಯನವರಿಗೆ ಬೆಳಗಿನ ಅಕ್ಕಿರೊಟ್ಟಿ, ಸ್ನಾನ, ಬೀಗದಕೈ, ಬಸ್‌ಸ್ಟ್ಯಾಂಡಿನ ಕಡೆ ಚಾಚಿದ ಕತ್ತು ಎಲ್ಲ ಒಟ್ಟಿಗೆ ಅರ್ಥವಾದವು. ಗುರುವಾರ ತಾವು ಬೆನ್ನು ತಿರುಗಿಸಿದ ಕೂಡಲೇ ಅಡವಿಯಪ್ಪ ಡೇರೆಯನ್ನು ಅಳಿಯನಿಗೆ ಕೊಟ್ಟಿದ್ದಾನೆ. ಅಳಿಯ ಗೆಳೆಯರ ಜೊತೆ ಹೋಗಿ, ಎರಡು ರಾತ್ರಿ ದಡದಲ್ಲಿ ಮಲಗಿ, ಬಸ್ಸು ತಡವಾಗಿ ಇವತ್ತು ಹತ್ತೂವರೆಗೆ ಹಿತ್ತಲ ಬಾಗಿಲಿಗೆ ಬಂದಿದ್ದಾನೆ. ಅಳಿಯ ಕೇಳಿದರೆ ಇಲ್ಲ ಎನ್ನುವ ಮಾವ ಗುಬ್ಬಿ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ.

ಮೇಷ್ಟ್ರು ಕೂತು, ಮರಳನ್ನು ಅಂಗೈಯಲ್ಲಿ ಉಜ್ಜಿ ನೋಡಿದರು. "ಹೊಳೆ ಮರಳಲ್ಲ. ಅಪ್ಪಟ ಸಮುದ್ರದ್ದು" ಎಂದು ತೀರ್ಪು ಕೊಟ್ಟು, ಎದ್ದು ಕೈ ಕೊಡವಿಕೊಂಡರು. "ಇನ್ನೇನು ಸದಾಶಿವಯ್ಯ, ನಡೀರಿ ಮನೆಗೆ. ಯಾತ್ರೆ ಮುಗೀತು."

"ಏನು?"

"ಗುರುವಾರ ಡೇರೆ ಹೊರಟದ್ದು ಅಂದ್ರೆ ನೀವು ಹೊರಟದ್ದು. ಹಾಗಿದ್ದ ಮೇಲೆ ಡೇರೆ ಸಮುದ್ರ ನೋಡಿ ಬಂದದ್ದು ಅಂದ್ರೆ ನೀವು ನೋಡಿ ಬಂದದ್ದು. ಲೆಕ್ಕ ಸರಿಯಾಗೇ ಇದೆ."

"ಮೇಷ್ಟ್ರೇ, ನಾನ್ ನೋಡಿಲ್ಲ!" ಎಂದು ಸದಾಶಿವಯ್ಯನವರು ಕಿರುಚಿದರು. ಮೂವತ್ತು ವರ್ಷ ಸ್ಟೋರಿನಲ್ಲಿ ಮೆಲ್ಲಗೆ ಮಾತಾಡಿ ಅಭ್ಯಾಸವಾಗಿದ್ದ ಗಂಟಲು ಒಡೆದುಹೋಯಿತು.

"ಶರೀರ ನೋಡಿಲ್ಲ, ಒಪ್ಪಿದೆ. ಆದ್ರೆ ಮುಗಿಸಿದ ಯಾತ್ರೆಗೇ ಮತ್ತೆ ಹೊರಡಬೇಕಾದ್ರೆ ವರ್ಷ ತುಂಬಬೇಕು. ಅದನ್ನ ಮೀರಿದ್ರೆ ಹೋದೋರಿಗೆ ಒಳ್ಳೇದಲ್ಲ."

ಡಾಕ್ಟರು ಆ ಕಣ್ಣಿಗೆ ಕೊಟ್ಟಿದ್ದ ಗಡುವೂ ಒಂದೇ ವರ್ಷ. ಪುಟ್ಟತಾಯಮ್ಮ ಕೂಡ ಬೈಗುಳ ನಿಲ್ಲಿಸಿದರು. ತಿಪ್ಪಯ್ಯ ಹತ್ತಿರ ಬಂದು, "ಸ್ವಾಮಿ, ಇವೆಲ್ಲ ಬಿಡಿ. ನೀವ್ ಹೂಂ ಅನ್ನಿ, ನಾಳೆ ಮಧ್ಯಾಹ್ನಕ್ಕೆ ಮಂಗಳೂರಲ್ಲಿ ನಿಲ್ಲಿಸ್ತೀನಿ" ಎಂದ. ಸದಾಶಿವಯ್ಯನವರು ಹೂಂ ಎನ್ನಲು ಬಾಯಿ ತೆರೆದರು.

ಸರ್ವಮಂಗಳ ಅವರ ಕೈ ಹಿಡಿದುಕೊಂಡರು.

"ನಿಮ್ ಕಾಲಿಗ್ ಬೀಳ್ತೀನಿ, ಬೇಡ ಕಣ್ರೀ. ಮುಂದೆ ಆಪರೇಷನ್ ಟೇಬಲ್ ಮೇಲೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ, ಅವತ್ತು ಹೋಗಿದ್ದಕ್ಕೇ ಹೀಗಾಯ್ತು ಅಂತ ನಾನು ಸಾಯೋವರೆಗೂ ಅಂದ್ಕೊಂಡಿರ್ಬೇಕಾ? ಇರೋ ಒಂದ್ ಕಣ್ಣು. ಸಮುದ್ರ ಬೇಡ, ನಂಗೆ ಆ ಕಣ್ಣು ಬೇಕು."

ಸದಾಶಿವಯ್ಯನವರಿಗೆ ಶೂಲೆಯಲ್ಲಿ ನಂಬಿಕೆ ಇರಲಿಲ್ಲ. ಹೆಂಡತಿಯ ಹೆದರಿಕೆಯಲ್ಲಿ ಮಾತ್ರ ಪೂರ್ತಿ ನಂಬಿಕೆಯಿತ್ತು. ಇಪ್ಪತ್ತೆಂಟು ವರ್ಷದಲ್ಲಿ ಆಕೆ ತನಗಾಗಿ ಏನನ್ನೂ ಕೇಳಿದವಳಲ್ಲ. ಅವರು ತೆರೆದ ಬಾಯಿ ಮುಚ್ಚಿದರು.

"ಆಯ್ತು ಬಿಡೇ. ಮಡಚೋಣ ಹಿಡಿ" ಎಂದು ಡೇರೆಯ ತುದಿ ಎತ್ತಿದರು. ಆಗಲೇ ಕೆರೆ ಕಡೆಯಿಂದ ಗಾಳಿ ಬೀಸಿತು. ಡೇರೆಯ ಮಡಿಕೆಯಲ್ಲಿ ಉಳಿದಿದ್ದ ಒಂದು ಹಿಡಿ ಮರಳು ಎದ್ದು ನೇರವಾಗಿ ಅವರ ಎಡಗಣ್ಣಿಗೆ ಬಿತ್ತು. ಅಯ್ಯೋ ಎಂದು ಅಲ್ಲೇ ಕುಸಿದರು. ಕಣ್ಣಲ್ಲಿ ಧಾರಾಕಾರ ನೀರು. ಅದರಲ್ಲಿ ಮರಳಿನಿಂದ ಬಂದದ್ದೆಷ್ಟು, ಉಳಿದದ್ದೆಷ್ಟು ಎಂದು ಅವರಿಗೂ ತಿಳಿಯಲಿಲ್ಲ.

ಸರ್ವಮಂಗಳ ಓಡಿಬಂದು ಮುಂದೆ ಕೂತರು. ರೆಪ್ಪೆ ಬಿಡಿಸಿ ಊದಿದರು. ಚೊಂಬಿನಲ್ಲಿದ್ದ ಕುಡಿಯುವ ನೀರು ಹಾಕಿ ತೊಳೆದರು, ಸೆರಗನ್ನು ಬಾಯಲ್ಲಿ ಬಿಸಿ ಮಾಡಿ ಒತ್ತಿದರು.

"ಬಿಡ್ರೀ ಕಣ್ಣು, ಮೆಲ್ಲಗೆ ಬಿಡಿ. ಕಾಣ್ತದಾ? ಕೆರೆ ಕಾಣ್ತದಾ?"

"ಹೂಂ. ನೀರು ಕಾಣ್ತದೆ."

"ಆಚೆ ದಡ? ಆಚೆ ದಡ ಕಾಣ್ತದಾ ನೋಡಿ!"

ಸದಾಶಿವಯ್ಯನವರು ನೋಡಿದರು. ನೀರು ಕೆಂಪಗೆ ಹರಡಿಕೊಂಡು ಹೋಗಿ, ಸ್ವಲ್ಪ ದೂರ ಹೋಗಿ, ಮುಗಿದುಬಿಟ್ಟಿತ್ತು. ಅದರಾಚೆ ಹಸಿರು ಗದ್ದೆ, ಬಟ್ಟೆ ಒಗೆಯುವ ಕಲ್ಲು, ಎರಡು ಎಮ್ಮೆ, ಎಮ್ಮೆಗಳನ್ನು ಮನೆಗೆ ಹೊಡೆದುಕೊಂಡು ಹೊರಟಿದ್ದ ಮನುಷ್ಯ, ಅವನ ಹೆಗಲ ಮೇಲಿನ ಟವಲು.

"ಕಾಣ್ತದೆ ಕಣೇ" ಎಂದರು. "ಚೆನ್ನಾಗಿ ಕಾಣ್ತದೆ."

ಸರ್ವಮಂಗಳ ಎರಡೂ ಕೈ ಎತ್ತಿ ದೇವರಿಗೆ ಮುಗಿದು, ಸಂತೋಷಕ್ಕೆ ಅತ್ತುಬಿಟ್ಟರು. ಸದಾಶಿವಯ್ಯನವರು ಆಚೆ ದಡವನ್ನೇ ನೋಡುತ್ತ ಕೂತಿದ್ದರು.